ನಮ್ಮ ಸೀಮೆಯ ಹಲ್ಲು



ಜನಾರೋಗ್ಯವನ್ನು ಕುರಿತು ಒಂದು ಭಾಷಣ ಮಾಡಬೇಕೆಂದು ಆಕಾಶವಾಣಿಯ ಗೆಳೆಯರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿದವನು ನಾನು. ಛಂದಸ್ಸಿನ ಮಾತ್ರೆಗಳನ್ನು ಎಣಿಸಬಲ್ಲೆನೇ ಹೊರತು ಔಷಧದ ಮಾತ್ರೆಗಳ ವಿಚಾರ ನನಗೆ ತಿಳಿಯದು. ಆದರೆ ನಮ್ಮ ಸೀಮೆಯ ಒಂದು ರೋಗದ ಮಟ್ಟಿಗೆ ನಾನೊಬ್ಬ ಸಾಕ್ಷಿ. ಬಹುಕಾಲ ಕಣ್ಣಿದ್ದೂ ಕಾಣದೆ ಹೋದ ಸಾಕ್ಷಿ. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾದರೂ ಒಂದು ಅವಕಾಶವಾಗಲಿ ಎಂದು ಕಡೆಗೆ ಒಪ್ಪಿದೆ.

ತರಗತಿಯ ಒಂದು ಪ್ರಸಂಗದಿಂದ ಪ್ರಾರಂಭಿಸುತ್ತೇನೆ. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ನಾಯಿಕೆಯ ವರ್ಣನೆ ಬಂದಾಗ ಹಲ್ಲಿಗೆ ಎರಡು ಉಪಮಾನಗಳು ಸಿದ್ಧವಾಗಿರುತ್ತವೆ: ಒಂದು ದಾಳಿಂಬೆಯ ಬೀಜ, ಇನ್ನೊಂದು ಮೊಲ್ಲೆಯ ಮೊಗ್ಗು. ಈ ಭಾಗವನ್ನು ಪಾಠ ಹೇಳುವಾಗ ನಾನು ಸ್ವಲ್ಪ ವಿನೋದವನ್ನೂ ಬೆರೆಸುತ್ತಿದ್ದೆ. ತರಗತಿ ನಗುತ್ತಿತ್ತು. ನಗುವಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಅರ್ಧಕ್ಕರ್ಧ ಕೈಗಳು ಬಾಯಿಗೆ ಹೋಗುತ್ತಿದ್ದವು; ಕೆಲವರು ದುಪಟ್ಟದ ಅಂಚನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಅದನ್ನು ಲಜ್ಜೆ ಎಂದು ತಿಳಿದಿದ್ದೆ. ತಿಳಿದದ್ದು ಮಾತ್ರವಲ್ಲ, ‘ನೋಡಿ, ಇದೇ ಅನುಭಾವ’ ಎಂದು ಅಲಂಕಾರಶಾಸ್ತ್ರದ ಪಾಠಕ್ಕೆ ಅದನ್ನೇ ಉದಾಹರಣೆಯಾಗಿಯೂ ಕೊಟ್ಟಿದ್ದುಂಟು. ಒಮ್ಮೆ ಅಧ್ಯಾಪಕರ ಕೊಠಡಿಯಲ್ಲಿ ಈ ಮಾತು ಬಂದಾಗ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಚಹಾದ ಲೋಟವನ್ನು ಕೆಳಗಿಟ್ಟು, “ಮೇಷ್ಟ್ರೇ, ಅದು ಲಜ್ಜೆಯಲ್ಲ, ನೀರು” ಎಂದರು.

ಮರುದಿನ ತರಗತಿಯಲ್ಲಿ ನಾನು ನೋಡಬಾರದ ಹಾಗೆ ನೋಡಿದೆ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳು. ಕೆಲವರಿಗೆ ಸುಣ್ಣ ಬಳಿದಂತೆ ಮಂಕಾದ ಬಿಳಿ ಮಚ್ಚೆ. ಇಬ್ಬರು ಮೂವರಿಗೆ ಹುಳು ತಿಂದ ಮರದಂತೆ ಸಣ್ಣ ಸಣ್ಣ ಕುಳಿ. ಗಂಡುಹುಡುಗರಿಗೂ ಇತ್ತು, ಅವರು ಕೈ ಅಡ್ಡ ಹಿಡಿಯುತ್ತಿರಲಿಲ್ಲ, ಅಷ್ಟೆ. ಇಷ್ಟು ವರ್ಷ ಇವರ ಮುಂದೆ ನಿಂತು ದಾಳಿಂಬೆಯ ಬೀಜದ ವರ್ಣನೆ ಮಾಡಿದವನು ನಾನು ಎಂಬುದು ನೆನಪಾಗಿ ಆ ದಿನ ಪಾಠ ಮುಂದೆ ಸಾಗಲಿಲ್ಲ.

ನಮ್ಮ ಊರಿರುವುದು ಅಂಬಾಜಿದುರ್ಗದ ಮಗ್ಗುಲಿನಲ್ಲಿ. ಚಿಂತಾಮಣಿಯ ಕಡೆ ಬಂದವರು ಈ ಬೆಟ್ಟವನ್ನು ನೋಡಿಯೇ ಇರುತ್ತಾರೆ, ಹೆಸರು ತಿಳಿದಿರಲಾರದು. ಮೇಲೆ ಟಿಪ್ಪುವಿನ ಕಾಲದ ಕೋಟೆಯ ಅವಶೇಷವುಂಟು. ಇತ್ತೀಚಿನ ವರ್ಷಗಳಲ್ಲಿ ಅದೇ ಬಂಡೆಯನ್ನು ಕೊರೆದು ಮಾಡಿದ ಕೈಲಾಸಗಿರಿಯ ಗುಹಾಲಯಕ್ಕೆ ಜನ ಬರುತ್ತಾರೆ. ಕೈವಾರ ಇಲ್ಲಿಗೆ ದೂರವಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ — ಇದು ನಮ್ಮ ಸೀಮೆಯ ಭಾಷಾಪದ್ಧತಿ. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ನಾವು ಕೋಲಾರ ಜಿಲ್ಲೆಯವರು. ವಯಸ್ಸಾದವರು ಈಗಲೂ ಹಾಗೆಯೇ ಹೇಳಿಕೊಳ್ಳುತ್ತಾರೆ.

ಈ ನಾಡಿನ ಬೆಟ್ಟಗಳಲ್ಲಿ ನದಿಗಳು ಹುಟ್ಟುತ್ತವೆ. ಹರಿಯುವುದು ಮಾತ್ರ ಬೇರೆಯವರ ನಾಡಿನಲ್ಲಿ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ — ಹೆಸರುಗಳಿಗೆ ಕೊರತೆಯಿಲ್ಲ, ನೀರಿಗೆ ಕೊರತೆ. ಇದನ್ನರಿತೇ ನಮ್ಮ ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಹಾಗೆ ಸಾವಿರಾರು ಕೆರೆಗಳನ್ನು ಕಟ್ಟಿದರು. ತೂಬನ್ನು ತೆಗೆದು ಮುಚ್ಚುವುದಕ್ಕೆ ನೀರಗಂಟಿ ಎಂಬುವನನ್ನು ನೇಮಿಸಿದರು. ಕೆರೆಯ ಕೆಳಗೆ ಬಾವಿ, ಬಾವಿಗೆ ಕಪಿಲೆ. ಕುಡಿಯುವುದಕ್ಕೆ ಊರ ಬಾವಿ. ಕೆರೆ ತುಂಬಿದ ವರ್ಷ ಊರ ಬಾವಿಯ ನೀರು ಬಗ್ಗಿದರೆ ಕೈಗೆ ಎಟುಕುವಷ್ಟು ಮೇಲಕ್ಕೆ ಬರುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ.

ಆ ಬಾವಿಯನ್ನು ನಾನು ಹೊಗಳಲಾರೆ. ಹಳೆಯದೆಲ್ಲ ಅಮೃತವಾಗಿತ್ತೆಂದು ಹೇಳುವ ವಯಸ್ಸಿಗೆ ನಾನು ಬಂದಿದ್ದೇನೆ, ಆದರೂ ಹೇಳುವುದಿಲ್ಲ. ಆ ಬಾವಿಯ ನೀರು ಕುಡಿದು ವಾಂತಿಭೇದಿಯಲ್ಲಿ ಸತ್ತವರ ಮನೆಗಳು ನನಗೆ ನೆನಪಿವೆ. ಮಳೆಗಾಲದ ಮೊದಲ ನೀರು ಬೀದಿಯ ಕಸವನ್ನೆಲ್ಲ ಹೊತ್ತು ಅದರೊಳಕ್ಕೆ ಇಳಿಯುತ್ತಿತ್ತು. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಮೆಟ್ಟಿಲುಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಕಾಲಿನಿಂದ ಮೊಳದುದ್ದದ ಹುಳುವನ್ನು ಕಡ್ಡಿಗೆ ಸುತ್ತಿ ಸುತ್ತಿ ದಿನಗಟ್ಟಲೆ ಎಳೆಯಬೇಕಾಗಿತ್ತು. ಅದಕ್ಕೆ ಲಸಿಕೆಯಿರಲಿಲ್ಲ, ಔಷಧವಿರಲಿಲ್ಲ. ಮೆಟ್ಟಿಲುಗಳನ್ನು ಮುಚ್ಚಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಕೈಪಂಪುಗಳನ್ನು ಹಾಕಿಯೇ ಆ ರೋಗವನ್ನು ಓಡಿಸಿದರು. ೧೯೯೬ರಲ್ಲಿ ನಮ್ಮ ದೇಶದ ಕೊನೆಯ ರೋಗಿ ಕಂಡುಬಂದ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣಿನಿಂದ ಬಿಡುಗಡೆಯ ಪತ್ರ ಕೊಟ್ಟಿತು. ಇಂಥ ಜಯ ನಮ್ಮ ಕಾಲದಲ್ಲಿ ಹೆಚ್ಚು ನಡೆದಿಲ್ಲ. ಅದರ ಸುದ್ದಿ ಮಾತ್ರ ಪತ್ರಿಕೆಗಳ ಮೂಲೆಯಲ್ಲಿ ಬಂದು ಹೋಯಿತು.

ಕೈಪಂಪು ಎಂದೆ. ೧೯೬೭ರ ಬರಗಾಲದ ನಂತರ ಯುನಿಸೆಫ್ ಸಂಸ್ಥೆಯ ನೆರವಿನಿಂದ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳು ನಮ್ಮ ದೇಶಕ್ಕೆ ಬಂದವು. ೭೦ರ ದಶಕದಲ್ಲಿ ಅವು ಹಳ್ಳಿ ಹಳ್ಳಿಗೂ ತಲುಪಿದವು. ನಮ್ಮ ಊರಿಗೆ ಬಂದದ್ದು ೧೯೭೬ರಲ್ಲಿ. ನಾನಾಗ ಕಾಲೇಜಿಗೆ ಸೇರಿದ್ದೆ. ಯಂತ್ರ ಎರಡು ದಿನ ಗರ್ಜಿಸಿತು. ಊರಿಗೆ ಊರೇ ನಿಂತು ನೋಡಿತು. ಬಿಳಿಯ ಕಲ್ಲುಹಿಟ್ಟು ಹಾರಿ ಎಲ್ಲರ ತಲೆಯೂ ನರೆತ ಹಾಗಾಯಿತು. ಆಮೇಲೆ ನೀರು ಬಂತು: ತಣ್ಣಗೆ, ಗಾಜಿನಂತೆ ತಿಳಿಯಾಗಿ. ಅಮ್ಮ ಒಂದು ಬೊಗಸೆ ಕುಡಿದು, “ಎಷ್ಟು ಚೊಕ್ಕವಾಗಿದೆ ನೋಡು” ಎಂದಳು. ಹಗ್ಗ, ರಾಟೆ, ಅಂಗೈಯ ಬೊಬ್ಬೆ ಎಲ್ಲ ಒಂದೇ ದಿನಕ್ಕೆ ಮುಗಿದವು. ಅಲ್ಲಿಂದ ಮುಂದೆ ವಾಂತಿಭೇದಿಯ ಸಾವು ನಮ್ಮ ಊರಿನಲ್ಲಿ ಆದದ್ದು ನನಗೆ ನೆನಪಿಲ್ಲ. ಆ ಕೈಪಂಪನ್ನು ಯಾರು ದೂಷಿಸುತ್ತಾರೆ? ನಾನು ದೂಷಿಸಲಾರೆ.

ಈಗ ನಮ್ಮ ಮನೆಯ ಹಲ್ಲಿನ ವಿಷಯಕ್ಕೆ ಬರುತ್ತೇನೆ. ಊರ ಬಾವಿಯ ನೀರು ಕುಡಿದು ಬೆಳೆದವನು ನಾನು. ನನ್ನ ಹಲ್ಲು ಬಿಳಿ. ಈಗ ಉಳಿದಿರುವಷ್ಟು ಮಟ್ಟಿಗೆ ಎಂದು ಸೇರಿಸಬೇಕು. ನನ್ನ ನಂತರದ ತಮ್ಮನ ಹಲ್ಲೂ ಬಿಳಿ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳಾದ ತಂಗಿ ಹುಟ್ಟಿದ್ದು ೧೯೭೩ರಲ್ಲಿ. ಕೈಪಂಪು ಬಂದಾಗ ಅವಳಿಗೆ ಮೂರು ವರ್ಷ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅದರ ಮೇಲೆ ಕಂದು ಗೆರೆ ಬಂತು. ಅಮ್ಮ ಇದ್ದಿಲು, ಉಪ್ಪು, ಬೇವಿನಕಡ್ಡಿ ಎಲ್ಲವನ್ನೂ ಹಾಕಿ ಉಜ್ಜಿಸಿದಳು. ‘ಹಲ್ಲುಜ್ಜದ ಸೋಮಾರಿ’ ಎಂದು ಹೊಡೆದದ್ದೂ ಉಂಟು. ಆ ಗೆರೆ ಹೋಗುವುದಲ್ಲ. ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಒಳಗೆ ಸೇರಿಕೊಂಡ ದೋಷ. ಹುಟ್ಟಿನಿಂದ ಸುಮಾರು ಎಂಟನೆಯ ವಯಸ್ಸಿನವರೆಗೆ ಮಗು ಯಾವ ನೀರು ಕುಡಿಯಿತೋ ಅದರ ದಾಖಲೆ ಅದು. ಎಂಟು ವರ್ಷ ದಾಟಿದವರು ಅದೇ ನೀರು ಕುಡಿದರೂ ಅವರ ಹಲ್ಲಿಗೆ ಈ ಬಣ್ಣ ಹಿಡಿಯುವುದಿಲ್ಲ. ಒಂದೇ ತಾಯಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದರೆ ಆ ಊರಿಗೆ ಕೊಳವೆ ಬಾವಿ ಬಂದ ವರ್ಷವನ್ನು ಹೇಳಬಹುದು. ಶಾಸನಗಳ ಕಾಲನಿರ್ಣಯ ಮಾಡುವ ಮಿತ್ರರು ನನಗಿದ್ದಾರೆ. ಇದಕ್ಕಿಂತ ನಿಖರವಾದ ಶಾಸನವನ್ನು ಅವರು ಕಂಡಿರಲಾರರು.

ತಂಗಿಗೆ ಗಂಡು ನೋಡುವ ಕಾಲದಲ್ಲಿ ಅವಳು ಬಾಯಿ ಬಿಡುತ್ತಿರಲಿಲ್ಲ. ಕೋಲಾರದ ಕಡೆಯಿಂದ ಬಂದಿದ್ದವರು, “ಹುಡುಗಿಗೆ ಬಿಗುಮಾನ ಜಾಸ್ತಿ” ಎಂದು ಹೇಳಿ ಹೋದರು. ಕಡೆಗೆ ಒಪ್ಪಿದವರು ಅದೇ ಹೋಬಳಿಯ ಇನ್ನೊಂದು ಹಳ್ಳಿಯವರು. ಅವರ ಮನೆಯಲ್ಲಿ ಕಿರಿಯರೆಲ್ಲರ ಹಲ್ಲೂ ಅದೇ ಬಣ್ಣ. ಯಾರಿಗೂ ಅದು ಒಂದು ಸಂಗತಿಯಾಗಿ ಕಾಣಲೇ ಇಲ್ಲ. ಈ ಮಾತಿಗೆ ನಾವು ಆಗ ನಕ್ಕಿದ್ದೆವು. ಈಗ ಯೋಚಿಸಿದರೆ ನಮ್ಮ ಸೀಮೆಯ ದುರವಸ್ಥೆ ಇದ್ದುದೇ ಅಲ್ಲಿ. ರೋಗ ಎಲ್ಲರಿಗೂ ಬಂದಾಗ ಅದನ್ನು ರೋಗವೆನ್ನುವವರು ಉಳಿಯುವುದಿಲ್ಲ. ‘ನಮ್ಮ ಕಡೆಯವರ ಹಲ್ಲೇ ಹಾಗೆ’ ಎನ್ನುತ್ತಾರೆ. ಬಣ್ಣ ಕುಲಕ್ಕೆ ಅಂಟುತ್ತದೆ, ನೀರು ತಪ್ಪಿಸಿಕೊಳ್ಳುತ್ತದೆ.

ಕಾರಣ ಫ್ಲೋರೈಡ್ ಎಂಬ ಒಂದು ಲವಣಾಂಶ. ಅಂಬಾಜಿದುರ್ಗದಂಥ ಬೆಟ್ಟಗಳು, ಅವುಗಳ ಕೆಳಗಿನ ನೆಲ ಎಲ್ಲವೂ ಪ್ರಾಚೀನವಾದ ಗ್ರಾನೈಟ್ ಜಾತಿಯ ಶಿಲೆ. ಅದರ ಕಾಗೆಬಂಗಾರದಂಥ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮಳೆಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೆರೆಯಿಂದ ಇಂಗಿ ಬೇಗ ಬಾವಿಗೆ ಬಂದ ನೀರಿನಲ್ಲಿಯೂ ಸಾಮಾನ್ಯವಾಗಿ ಕಡಿಮೆಯೇ. ಆಳದ ಬಿರುಕುಗಳಲ್ಲಿ ವರ್ಷಾನುವರ್ಷ ಕಲ್ಲಿನ ಸಹವಾಸದಲ್ಲಿದ್ದ ನೀರು ಕಲ್ಲಿನ ಗುಣವನ್ನು ಕಲಿಯುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಒಳ್ಳೆಯದು, ಒಂದೂವರೆ ದಾಟಬಾರದು ಎಂಬುದು ನಮ್ಮ ದೇಶದ ನಿಯಮ. ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿ ಅದು ಎರಡು, ಮೂರು, ಕೆಲವೆಡೆ ಅದಕ್ಕೂ ಮೇಲೆ ಕಂಡುಬಂದಿದೆ. ಕೆರೆಗಳು ಹೂಳು ತುಂಬಿ ಒಣಗಿದಂತೆಲ್ಲ ನಾವು ಇನ್ನೂ ಕೆಳಕ್ಕೆ ಕೊರೆದೆವು: ಮೊದಲು ನೂರೈವತ್ತು ಅಡಿ, ಆಮೇಲೆ ಐನೂರು, ಈಗ ಸಾವಿರದ ಇನ್ನೂರು, ಸಾವಿರದ ಐನೂರು. ಇತ್ತೀಚೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ಪೂರ್ವದ ಜಿಲ್ಲೆಗಳ ಕೊಳವೆ ಬಾವಿಗಳ ನೀರಿನಲ್ಲಿ ಯುರೇನಿಯಂ ಅಂಶವನ್ನೂ ಗುರುತಿಸಿದ್ದಾರೆ.

ಇದು ಹೊಸ ಜ್ಞಾನವಲ್ಲ ಎಂಬುದೇ ನನ್ನನ್ನು ಹೆಚ್ಚು ಬಾಧಿಸುವ ಸಂಗತಿ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಮೆಕೇ ಎಂಬ ದಂತವೈದ್ಯ ೧೯೦೧ರಲ್ಲಿ ವೃತ್ತಿ ಪ್ರಾರಂಭಿಸಿದಾಗ ಅಲ್ಲಿಯ ಮಕ್ಕಳ ಹಲ್ಲೆಲ್ಲ ಕಂದುಬಣ್ಣವಾಗಿತ್ತು. ಊರವರು ಹಂದಿಮಾಂಸವನ್ನೋ ಕೆಟ್ಟ ಹಾಲನ್ನೋ ದೂರುತ್ತಿದ್ದರು. ಆತ ಅದರ ಬೆನ್ನು ಬಿಡಲಿಲ್ಲ. ಇಡಾಹೊ ಪ್ರಾಂತದ ಓಕ್ಲಿ ಎಂಬ ಇನ್ನೊಂದು ಹಳ್ಳಿಯಲ್ಲಿ, ಐದು ಮೈಲಿ ದೂರದ ಬಿಸಿನೀರಿನ ಒರತೆಯಿಂದ ಕೊಳಾಯಿ ಹಾಕಿಸಿಕೊಂಡ ಮೇಲೆ ಮಕ್ಕಳ ಹಲ್ಲು ಕೆಟ್ಟಿತೆಂದು ತಾಯಂದಿರೇ ಆತನಿಗೆ ಹೇಳಿದರು. ಆತನ ಮಾತಿನಂತೆ ಆ ಕೊಳಾಯಿಯನ್ನು ಬಿಟ್ಟು ಬೇರೆ ಒರತೆಗೆ ಹೋದರು; ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ಬಿಳಿಯ ಹಲ್ಲು ಬಂತು. ಕಾರಣ ಫ್ಲೋರೈಡ್ ಎಂದು ಖಚಿತವಾದದ್ದು ೧೯೩೧ರಲ್ಲಿ. ನಮ್ಮ ನೆರೆಯ ನೆಲ್ಲೂರಿನ ಹಳ್ಳಿಗಳಲ್ಲಿ ಇದೇ ವಿಷ ಎಲುಬುಗಳನ್ನು ಹೇಗೆ ಬಿಗಿಯುತ್ತದೆಂಬುದನ್ನು ಮದರಾಸಿನ ಗಿಂಡಿಯ ಕಿಂಗ್ ಸಂಸ್ಥೆಯ ಷಾರ್ಟ್ ಮತ್ತು ಅವರ ಸಂಗಡಿಗರು ೧೯೩೭ರಲ್ಲಿಯೇ ಬರೆದು ಪ್ರಕಟಿಸಿದ್ದರು. ನಮ್ಮ ಊರಿನಲ್ಲಿ ಯಂತ್ರ ಗರ್ಜಿಸಿದ್ದು ಅದಾಗಿ ಮೂವತ್ತೊಂಬತ್ತು ವರ್ಷಗಳ ನಂತರ. ನೀರು ಬಂತೇ ಎಂದು ನೋಡಿದರು. ನೀರಿನಲ್ಲಿ ಏನಿದೆ ಎಂದು ಯಾರೂ ನೋಡಲಿಲ್ಲ. ಕ್ರಿಮಿಗೆ ಹೆದರಿ ಓಡುತ್ತಿದ್ದ ನಾವು ಕಲ್ಲಿಗೆ ಹೆದರಬೇಕೆಂದು ಊಹಿಸಲಿಲ್ಲ.

ಹಲ್ಲು ಅಂದಗೆಟ್ಟರೆ ಕೆಟ್ಟಿತು, ಪ್ರಾಣಕ್ಕೇನು ಎನ್ನುವವರುಂಟು. ನನ್ನ ತಂಗಿಯ ಮಾವನವರ ವಿಷಯ ಹೇಳುತ್ತೇನೆ. ಗಟ್ಟಿಮುಟ್ಟಾದ ಬೇಸಾಯಗಾರ. ಐವತ್ತೈದರ ಸುಮಾರಿಗೆ ಸೊಂಟ ಹಿಡಿಯಿತು, ಆಮೇಲೆ ಕತ್ತು. ಎಲುಬುಗಳನ್ನು ಕಟ್ಟಿರುವ ನಾರುಗಳಲ್ಲಿ ಸುಣ್ಣ ಕೂಡಿ ಬೆನ್ನು ಒಂದೇ ಕಂಬದಂತಾಗುತ್ತದೆ. ಹಲ್ಲಿನ ಹಾಗಲ್ಲ, ಇದು ಯಾವ ವಯಸ್ಸಿನಲ್ಲಿ ಕುಡಿದವರಿಗೂ ಬರಬಹುದು. ಪಕ್ಕಕ್ಕೆ ನೋಡಬೇಕಾದರೆ ಅವರು ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು. ನೆಲದ ಮೇಲೆ ಊಟಕ್ಕೆ ಕೂರುವುದು ನಿಂತಿತು. ಪಟ್ಟಣದ ಒಂದು ಔಷಧಾಲಯದಲ್ಲಿ ವಾಯುವಿನ ನೋವೆಂದು ಹನ್ನೆರಡು ವರ್ಷ ಅವರಿಗೆ ನೋವಿನ ಗುಳಿಗೆ ಕೊಟ್ಟರು. ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ ಎಂಬ ಹಿತವಚನವೂ ಇತ್ತು. ನನ್ನ ತಂಗಿ ಅದನ್ನು ವ್ರತದಂತೆ ನಡೆಸಿದಳು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚಾಗುತ್ತದೆ. ಇದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಂ.ಎ. ಓದಿದ ನನಗೂ ಗೊತ್ತಿರಲಿಲ್ಲ.

ಅವರ ಮನೆಯ ಜಗಲಿಯಿಂದ ನೋಡಿದರೆ ಅಂಬಾಜಿದುರ್ಗ ಎದುರಿಗೇ ಕಾಣುತ್ತದೆ. ಬೆಟ್ಟದ ನೆತ್ತಿಗೆ ಮೋಡ ಕವಿದರೆ ಮಳೆ ಬರುತ್ತದೆಂಬುದು ಅವರ ಲೆಕ್ಕ. ಕೊನೆಯ ವರ್ಷಗಳಲ್ಲಿ ಅವರು ತಲೆಯೆತ್ತಲಾರದೆ ಹೋದರು. ಗೋಡೆಗೆ ಬೆನ್ನು ಕೊಟ್ಟು, ಎರಡು ಕೈಯನ್ನೂ ಊರಿ, ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಬೆಟ್ಟವನ್ನು ನೋಡುತ್ತಿದ್ದರು. ಒಮ್ಮೆ ನಾನು ಹೋದಾಗ, “ಮೇಷ್ಟ್ರೇ, ಮೇಲೆ ಮೋಡ ಇದೆಯಾ, ಸ್ವಲ್ಪ ನೋಡಿ ಹೇಳಿ” ಎಂದು ಕೇಳಿದರು. ೨೦೧೦ರಲ್ಲಿ ತೀರಿಕೊಂಡರು.

ಇನ್ನು ಬೇರೊಂದು ದೇಶದ ಸಂಗತಿ, ವಿಷಯಾಂತರವೆಂದು ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳಿದ್ದೆ. ಇಂಗ್ಲೆಂಡೆಂದರೆ ಶ್ರೀಮಂತಿಕೆ ಎಂಬ ಭಾವನೆ ನಮ್ಮದು. ಆ ನಗರದ ಹಲವು ಬಡಾವಣೆಗಳು ಆ ದೇಶದ ಅತಿ ಬಡ ಪ್ರದೇಶಗಳ ಪಟ್ಟಿಯಲ್ಲಿವೆ. ಕಾರ್ಖಾನೆಗಳು ಮುಚ್ಚಿದವು, ಕೆಲಸ ಹೋಯಿತು. ಶಿಶುಮರಣದ ಪ್ರಮಾಣ ಆ ದೇಶದ ಸರಾಸರಿಗಿಂತ ಬಹಳ ಹೆಚ್ಚು. ೨೦೨೩ರಲ್ಲಿ ಅಲ್ಲಿಯ ನಗರಸಭೆ ಬೊಕ್ಕಸ ಬರಿದಾಯಿತೆಂದು ತಾನೇ ಸಾರಿತು. ಅಂಥ ಊರಿನಲ್ಲಿ ಮಗಳು ನಲ್ಲಿಯ ನೀರನ್ನು ಹಾಗೆಯೇ ಹಿಡಿದು ಮೊಮ್ಮಗನಿಗೆ ಕುಡಿಸಿದಳು. ನಾನು ಹೌಹಾರಿದೆ. “ಅಪ್ಪ, ಇಲ್ಲಿ ಎಲ್ಲರೂ ಇದನ್ನೇ ಕುಡಿಯೋದು” ಎಂದು ನೀರಿನ ಬಗೆಗಿನ ಒಂದು ಕರಪತ್ರವನ್ನು ಕೈಗೆ ಕೊಟ್ಟಳು. ಓದುತ್ತ ಹೋದಂತೆ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತಿತು: ಆ ನೀರಿಗೆ ಫ್ಲೋರೈಡನ್ನು ಬೇಕೆಂದೇ ಬೆರೆಸಲಾಗಿತ್ತು!

೧೯೬೪ರಿಂದ ಬರ್ಮಿಂಗ್‌ಹ್ಯಾಂನವರು ಹೀಗೆ ಬೆರೆಸುತ್ತಿದ್ದಾರೆ. ಲೀಟರಿಗೆ ಒಂದು ಮಿಲಿಗ್ರಾಂ. ಬಡವರ ಮಕ್ಕಳ ಹಲ್ಲು ಹುಳುಕಾಗುವುದನ್ನು ತಡೆಯುವುದಕ್ಕೆ. ಅದು ಬೇಕೇ ಬೇಡವೇ ಎಂಬ ವಾದ ಅಲ್ಲಿಯೂ ಉಂಟು. ನಾನು ಅದಕ್ಕೆ ಹೋಗಲಾರೆ. ನನ್ನನ್ನು ತಟ್ಟಿದ್ದು ಬೇರೆ. ಅದೇ ವಸ್ತು, ಅದೇ ಮಿಲಿಗ್ರಾಂ. ಅಲ್ಲಿ ತೊಟ್ಟು ಲೆಕ್ಕ ಹಾಕಿ ಮದ್ದಾಗಿ ಹಾಕುತ್ತಾರೆ, ಇಲ್ಲಿ ಲೆಕ್ಕವಿಡುವವರಿಲ್ಲದೆ ವಿಷವಾಗಿ ಬರುತ್ತದೆ. ಲೆಕ್ಕವಿಡುವ ಈ ಶಕ್ತಿ ಅವರಿಗೆ ಎಲ್ಲಿಂದ ಬಂತೆಂದು ವಿಚಾರಿಸಿದೆ. ಒಂದೂವರೆ ಶತಮಾನದ ಹಿಂದೆ ಆ ಊರಿನ ಬಾವಿಗಳೂ ಕೊಳೆತಿದ್ದವು. ನೀರು ಮಾರುತ್ತಿದ್ದುದು ಒಂದು ಖಾಸಗಿ ಕಂಪನಿ. ಜೋಸೆಫ್ ಚೇಂಬರ್ಲೇನ್ ಎಂಬ ಮೇಯರ್ ೧೮೭೬ರಲ್ಲಿ ಆ ಕಂಪನಿಯನ್ನೇ ನಗರಕ್ಕೆ ಕೊಂಡುಕೊಂಡ. ಗ್ಯಾಸಿನಿಂದ ನಗರಸಭೆ ಲಾಭ ಮಾಡಬಹುದು, ನೀರಿನಿಂದ ಮಾಡಬಾರದು ಎಂಬುದು ಆತನ ನಿಲುವು. ೧೯೦೪ರಲ್ಲಿ ವೇಲ್ಸಿನ ಏಲನ್ ಕಣಿವೆಯಿಂದ ೭೩ ಮೈಲಿ ದೂರ, ಪಂಪಿಲ್ಲದೆ ಇಳಿಜಾರಿನ ಬಲದಿಂದಲೇ, ನೀರು ಹರಿದು ಬಂತು. ಅದಕ್ಕಾಗಿ ಆ ಕಣಿವೆಯ ಮನೆ, ಶಾಲೆ, ಚರ್ಚುಗಳು ಮುಳುಗಿದವು ಎಂಬುದನ್ನೂ ಹೇಳಬೇಕು. ಎತ್ತಿನಹೊಳೆಗಾಗಿ ಕಾದು ಕುಳಿತಿರುವ ನಮ್ಮವರು, ಪಶ್ಚಿಮಘಟ್ಟದವರ ಸಂಕಟವನ್ನು ಕೇಳುವ ವ್ಯವಧಾನವಿಲ್ಲದೆ ಇರುವಾಗ, ಆ ಮುಳುಗಿದ ಕಣಿವೆ ನನಗೆ ನೆನಪಾಗುತ್ತದೆ.

ಅಷ್ಟು ದೂರವೇಕೆ? ನಮ್ಮದೇ ಹಳೆಯ ಕೋಲಾರ ಜಿಲ್ಲೆಯಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ಬೇತಮಂಗಲದಲ್ಲಿ ಪಾಲಾರಿನ ನೀರನ್ನು ಸೋಸಿ ಚಿನ್ನದ ಗಣಿಗಳಿಗೆ ಕೊಳವೆಯಲ್ಲಿ ಒಯ್ದರು. ಚಿನ್ನವಿದ್ದ ಕಡೆಗೆ ನೀರು ಹೋಯಿತು. ರಾಗಿ ಬೆಳೆಯುವ ಕಡೆಗೆ ಹೋಗಲಿಲ್ಲ.

ಈಗಿನ ಸ್ಥಿತಿ ಹೇಗಿದೆ ಎಂದು ನೀವು ಕೇಳಬಹುದು. ಏನೂ ಆಗಿಲ್ಲವೆಂದರೆ ಸುಳ್ಳಾದೀತು. ಫ್ಲೋರೋಸಿಸ್ ನಿಯಂತ್ರಣಕ್ಕೆ ೨೦೦೮–೦೯ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮವಿದೆ. ಗಲ್ಲವನ್ನು ಎದೆಗೆ ಮುಟ್ಟಿಸಿ, ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟಿ, ಕೈಗಳನ್ನು ತಲೆಯ ಹಿಂದೆ ಒಯ್ಯಿರಿ ಎಂದು ಹೇಳಿ ಈ ರೋಗವನ್ನು ಪ್ರಾಥಮಿಕವಾಗಿ ಪತ್ತೆಮಾಡಬಹುದು, ಯಂತ್ರ ಬೇಕಿಲ್ಲ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಸರಿಯಾಗಿ ನಡೆಯುವ ಕಡೆ ಅವು ನಿಜಕ್ಕೂ ಉಪಕಾರ ಮಾಡಿವೆ. ಆದರೆ ಯಂತ್ರದೊಳಗಿನ ಪೊರೆ ಸವೆಯುತ್ತದೆ, ಮೋಟಾರು ಸುಡುತ್ತದೆ, ಗುತ್ತಿಗೆ ಮುಗಿಯುತ್ತದೆ. ನಾನು ಬಲ್ಲ ಒಂದು ಹಳ್ಳಿಯಲ್ಲಿ ಘಟಕಕ್ಕೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ಅದರ ನೆರಳಿನಲ್ಲಿ ಎಮ್ಮೆ ಕಟ್ಟಿದ್ದರು. ದುಡ್ಡಿದ್ದವರು ಪಟ್ಟಣದಿಂದ ಕ್ಯಾನು ತರಿಸುತ್ತಾರೆ. ಇಲ್ಲದವರು ನಲ್ಲಿಗೆ ಹಿಂದಿರುಗುತ್ತಾರೆ. ಘಟಕ ನಡೆಯುವಾಗಲೂ ಕ್ಯಾನಿನ ನೀರು ಕುಡಿಯುವುದಕ್ಕೆ ಮಾತ್ರ. ಮುದ್ದೆಗೆ ಎಸರಿಡುವುದು, ಸೊಪ್ಪು ಬೇಳೆ ಬೇಯಿಸುವುದು ಕೊಳವೆ ಬಾವಿಯ ನೀರಿನಲ್ಲೇ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿರುವುದು ನಮ್ಮ ಪುಣ್ಯ. ಆದರೆ ಅದನ್ನು ಬೇಯಿಸುವ ನೀರೇ ಹೀಗಾದರೆ?

ಕೆರೆಗಳಿಗೂ ನೀರು ಬಂದಿದೆ — ಬೆಂಗಳೂರಿನ ಬಚ್ಚಲು ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ, ಜೊತೆಗೆ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೂ ತುಂಬಿಸುವ ಯೋಜನೆ ೨೦೧೮ರಲ್ಲಿ ಪ್ರಾರಂಭವಾಯಿತು. ಮೊದಲ ಕೆರೆಯಲ್ಲಿ ನೊರೆ ಎದ್ದು ಗಲಾಟೆಯಾಯಿತು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೀರನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿದರೆ ಸಾಲದು, ಮೂರನೆಯ ಹಂತವೂ ಆಗಬೇಕೆಂಬ ಬೇಡಿಕೆ ಇಂದಿಗೂ ಇದೆ. ಬತ್ತಿದ ಬಾವಿಗಳಿಗೆ ನೀರು ಬಂದದ್ದನ್ನು ರೈತರು ಸಂತೋಷದಿಂದ ತೋರಿಸುತ್ತಾರೆ. ಕುಡಿಯುತ್ತೀರಾ ಎಂದರೆ ಮುಖ ನೋಡುತ್ತಾರೆ. ನನಗೂ ಈ ವಿಷಯದಲ್ಲಿ ಎರಡು ಮನಸ್ಸು. ಒಣಗಿದ ಕೆರೆಯ ದಂಡೆಯಲ್ಲಿ ನಲವತ್ತು ವರ್ಷ ಓಡಾಡಿದವನಿಗೆ ಕೆರೆಯಲ್ಲಿ ನೀರನ್ನು ಕಂಡು ಬೇಡವೆನ್ನುವ ಧೈರ್ಯ ಬರುವುದಿಲ್ಲ.

ನನ್ನ ತಂಗಿ ಇವು ಯಾವುದಕ್ಕೂ ಕಾಯಲಿಲ್ಲ. ೨೦೧೭ರಲ್ಲಿ ಅವಳ ಮಗಳು ಹೆರಿಗೆಗೆ ಬರುವ ಮೊದಲು ಮಾಳಿಗೆಯ ನೀರು ಹಿಡಿಯುವುದಕ್ಕೆ ಅಂಗಳದಲ್ಲಿ ಆರು ಸಾವಿರ ಲೀಟರಿನ ತೊಟ್ಟಿ ಕಟ್ಟಿಸಿದಳು. ಲೆಕ್ಕ ಮಾಡಿಕೊಟ್ಟವನು ನಾನೇ, ಅದೊಂದು ನನ್ನಿಂದಾಯಿತು. ನಲವತ್ತು ಚದರ ಮೀಟರಿನ ಮಾಳಿಗೆ. ನಮ್ಮ ಕಡೆ ವರ್ಷಕ್ಕೆ ಸುಮಾರು ಏಳುನೂರು ಮಿಲಿಮೀಟರ್ ಮಳೆ. ಸೋರಿ ಚೆಲ್ಲಿ ಹೋದದ್ದು ಕಳೆದರೂ ಇಪ್ಪತ್ತು ಸಾವಿರ ಲೀಟರಿಗೆ ಮೋಸವಿಲ್ಲ. ಐದು ಜನಕ್ಕೆ ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ ಇಪ್ಪತ್ತೈದು ಲೀಟರ್ ಎಂದರೆ ವರ್ಷಕ್ಕೆ ಒಂಬತ್ತು ಸಾವಿರ ಚಿಲ್ಲರೆ. ಮಳೆಯಿಲ್ಲದ ಆರು ತಿಂಗಳಿಗೆ ತುಂಬಿದ ತೊಟ್ಟಿ ಸಾಕು. ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡಬೇಕು, ಮರಳು ಇದ್ದಿಲಿನಲ್ಲಿ ಸೋಸಬೇಕು, ಕುದಿಸಿ ಕುಡಿಯಬೇಕು. ಈ ನೀರಿಗೆ ಕುದಿಸುವ ಹಿತವಚನ ಸಲ್ಲುತ್ತದೆ. ಊರಿನವರು ಮೊದಲು ನಕ್ಕರು. ಆಕಾಶದ ನೀರು ಕುಡಿದರೆ ಶೀತವಾಗುತ್ತದೆ ಎಂದರು. ಈಗ ಆ ಬೀದಿಯಲ್ಲಿ ಇನ್ನೂ ನಾಲ್ಕು ತೊಟ್ಟಿಗಳಿವೆ. ಇಡೀ ಊರಿಗೆ ಆಗಬೇಕಾದದ್ದನ್ನು ಒಂದೊಂದೇ ಮನೆ ತನ್ನ ಖರ್ಚಿನಲ್ಲಿ ಮಾಡಿಕೊಳ್ಳಬೇಕಾಗಿದೆಯಲ್ಲ ಎಂದು ನಾನೊಮ್ಮೆ ಹೇಳಿದೆ. ತಂಗಿ, “ಅಣ್ಣಯ್ಯ, ನೀನು ಅರ್ಜಿ ಬರೀತಾ ಇರು, ನಾನು ಅಷ್ಟರಲ್ಲಿ ತೊಟ್ಟಿ ತೊಳೀತೀನಿ” ಎಂದಳು.

ಅವಳ ಮಗಳು ಚಿಂತಾಮಣಿಗೆ ಕೆಲಸಕ್ಕೆ ಹೋಗಿ ಬರುವುದರಿಂದ ಮಗು ಬೆಳೆದದ್ದು ಅಜ್ಜಿಯ ಮನೆಯಲ್ಲಿಯೇ. ಅದಕ್ಕೆ ಏಳು ವರ್ಷವಾದಾಗ ನಾನು ಒಂದು ದಿನ ಹೋದೆ. ಕೆಳಗಿನ ಎರಡು ಹೊಸ ಹಲ್ಲು ಬಂದಿದ್ದವು. ಅಜ್ಜಿ ಮಗುವನ್ನು ಜಗಲಿಯ ಬೆಳಕಿಗೆ ಕರೆದುಕೊಂಡು ಬಂದು, ಗಲ್ಲ ಹಿಡಿದು, “ತಾತನಿಗೆ ತೋರಿಸು” ಎಂದಳು. ಮಗು ಬಾಯಿ ತುಂಬ ತೆರೆಯಿತು. ಎರಡೂ ಬಿಳಿ. ಮೇಲಿನ ಹಾಲುಹಲ್ಲು ಆಗತಾನೇ ಬಿದ್ದು ವಸಡು ಖಾಲಿಯಾಗಿತ್ತು. ತಂಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತ, “ಮೇಲಿನವು ಬರಲಿ, ಆಮೇಲೆ ಹೇಳು” ಎಂದಳು.